ಅಂಗಡಿಯ ಬೆಳಕಿನಿಂದ ಮನೆಯ ಬೆಳಕಿಗೆ

ಹೊಸ ಟಿ.ವಿ. ಗೋಡೆಗೇರಿದ ಮೇಲೆ ಉಳಿಯುವ ಕೆಲಸವೇ ದೊಡ್ಡದು. ಒಂದು ಸಂಜೆ ಕೊಟ್ಟರೆ ಅದನ್ನು ಮನೆಯವರೇ ಮಾಡಿಕೊಳ್ಳಬಹುದು.

ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ 1975ರ ಆಗಸ್ಟ್ 1ರಂದು ಜನ ಮೊದಲ ಬಾರಿಗೆ ಟಿ.ವಿ. ಮುಂದೆ ಕುಳಿತರು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಉತ್ತರ ಕರ್ನಾಟಕದ ಹಳ್ಳಿಗಳು ಉಪಗ್ರಹದಿಂದ ನೇರವಾಗಿ ಇಳಿದು ಬಂದ ಚಿತ್ರ ನೋಡಿದ್ದವು. ಕೋಳಿಗೂಡಿನ ತಂತಿ ಜಾಲರಿಯಂಥದ್ದರಿಂದ ಕಟ್ಟಿದ, ಹತ್ತು ಅಡಿ ಅಗಲದ ಡಿಶ್ ಆಕಾಶ ನೋಡುತ್ತಿತ್ತು. ಸಿಗ್ನಲ್ ಕಳಿಸುತ್ತಿದ್ದದ್ದು ಅಮೆರಿಕದ ಎಟಿಎಸ್-6 ಉಪಗ್ರಹ. ಇಸ್ರೊ ಮತ್ತು ನಾಸಾ ಸೇರಿ ನಡೆಸಿದ ಆ ಪ್ರಯೋಗದ ಹೆಸರು 'ಸೈಟ್'. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಒಂದು ವರ್ಷ ನಡೆದು 1976ರ ಜುಲೈ 31ಕ್ಕೆ ಅದು ಮುಗಿಯಿತು.

ಆಗ ಊರಿಗೊಂದೇ ಟಿ.ವಿ. ಡಿಶ್ ತಿರುಗಿಸುವುದು, ರಿಪೇರಿ ಮಾಡುವುದು ಎಲ್ಲವೂ ಸರ್ಕಾರದ ತಂತ್ರಜ್ಞರ ಹೊಣೆ. ನೋಡುವವರಿಗೆ ನೋಡುವುದೊಂದೇ ಕೆಲಸ. ಇವತ್ತು ಅದೇ ಜಿಲ್ಲೆಗಳ ತಾರಸಿಗಳ ಮೇಲೆ ಎರಡಡಿ ಅಗಲದ ಡಿಶ್‌ಗಳು ಸಾಲಾಗಿ ನಿಂತಿವೆ. ಒಳಗೆ ಹಾಲ್‌ನ ಗೋಡೆಗೆ 43 ಇಂಚಿನ ಪರದೆ ಇದೆ. ಆ ಪರದೆಯೊಳಗೆ ಬಣ್ಣ, ಬೆಳಕು, ಸದ್ದು, ಇಂಟರ್ನೆಟ್, ಖಾತೆ, ಗೋಪ್ಯತೆ ಎಂದು ಹತ್ತಾರು ಆಯ್ಕೆಗಳಿವೆ. ಅವುಗಳ ಹೊಣೆ ಈಗ ಮನೆಯವರದು.

ಕಂಪನಿಯ ಹುಡುಗ ಬರುತ್ತಾನೆ. ಡ್ರಿಲ್ ಹಾಕಿ ಬ್ರಾಕೆಟ್ ಕೂರಿಸಿ, ವೈಫೈ ಪಾಸ್‌ವರ್ಡ್ ಕೇಳಿ, ಚಿತ್ರ ಬಂದದ್ದನ್ನು ತೋರಿಸಿ ಅರ್ಧ ಗಂಟೆಯಲ್ಲಿ ಹೊರಡುತ್ತಾನೆ. ಅವನಿಗೆ ಇನ್ನೂ ನಾಲ್ಕು ಮನೆ ಬಾಕಿ ಇರುತ್ತದೆ. ಹೆಚ್ಚಿನ ಮನೆಗಳಲ್ಲಿ ಟಿ.ವಿ. ಆ ದಿನ ಹೇಗಿತ್ತೋ ಮುಂದಿನ ಎಂಟು ಹತ್ತು ವರ್ಷವೂ ಹಾಗೆಯೇ ಉಳಿಯುತ್ತದೆ. ಕಣ್ಣು ಚುಚ್ಚುವ ಬಣ್ಣ, ಅಗಲವಾಗಿ ಎಳೆದ ಮುಖಗಳು, ಕಿವಿಗೆ ಸಿಗದ ಮಾತು, ಅಜ್ಜಿಗೆ ಅರ್ಥವಾಗದ ರಿಮೋಟ್ ಎಲ್ಲವನ್ನೂ ಮನೆಮಂದಿ ಸಹಿಸಿಕೊಂಡು ಹೋಗುತ್ತಾರೆ. ಸಹಿಸಬೇಕಾದ್ದಿಲ್ಲ. ಇವುಗಳಲ್ಲಿ ಬಹುಪಾಲು ಸರಿಹೋಗಲು ಹೊಸದಾಗಿ ಒಂದು ರೂಪಾಯಿಯೂ ಬೇಡ.

ಎಷ್ಟು ದೊಡ್ಡದು, ಎಷ್ಟು ಎತ್ತರ

ಕೊಳ್ಳುವವರ ಮೊದಲ ಪ್ರಶ್ನೆ ಅಳತೆಯದು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದ ಮೇಲೆ ದೊಡ್ಡ ಪರದೆಯ ಆಸೆ ಇನ್ನಷ್ಟು ಕೈಗೆಟುಕಿದೆ. ಆದರೆ ಅಳತೆಯನ್ನು ತೀರ್ಮಾನಿಸಬೇಕಾದದ್ದು ಕೂರುವ ಜಾಗ. ಪರದೆಯ ಓರೆ ಅಳತೆಯ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು ದೂರದಲ್ಲಿ ಕೂತರೆ ಸಿನಿಮಾ ಹಿತವಾಗಿ ಕಾಣುತ್ತದೆ ಎಂಬುದು ಸುಲಭದ ಲೆಕ್ಕ. ಅಂದರೆ 43 ಇಂಚಿಗೆ ಸುಮಾರು ಆರು ಅಡಿ, 55 ಇಂಚಿಗೆ ಏಳು ಅಡಿಗಿಂತ ಸ್ವಲ್ಪ ಹೆಚ್ಚು.

ಈ ಲೆಕ್ಕ ಒಳ್ಳೆಯ ಗುಣಮಟ್ಟದ ಚಿತ್ರಕ್ಕೆ ಮಾತ್ರ. ಸಾಧಾರಣ ಎಸ್‌ಡಿ ಚಾನೆಲ್‌ನ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆಗಳಿರುತ್ತವೆ. ಫೋರ್-ಕೆ ಪರದೆಯಲ್ಲಿರುವುದು 3,840 ಮತ್ತು 2,160, ಒಟ್ಟು ಸುಮಾರು 83 ಲಕ್ಷ. ಅಲ್ಲಿಗೆ ಬಂದ ಒಂದೊಂದು ಚುಕ್ಕೆಯಿಂದ ಟಿ.ವಿ. ಇಪ್ಪತ್ತು ಚುಕ್ಕೆಗಳನ್ನು ತಾನೇ ಊಹಿಸಿ ತುಂಬಬೇಕು. ಹೊಸ ಟಿ.ವಿ.ಯಲ್ಲಿ ಧಾರಾವಾಹಿ ಹಳೆಯದಕ್ಕಿಂತ ಮಸುಕಾಗಿ ಕಾಣುತ್ತದೆ ಎಂದು ಹಲವರು ದೂರುವುದು ಇದೇ ಕಾರಣಕ್ಕೆ. ಟಿ.ವಿ. ಕೆಟ್ಟಿರುವುದಿಲ್ಲ, ಬರುವ ಚಿತ್ರವೇ ಸಣ್ಣದು. ದಿನವಿಡೀ ಎಸ್‌ಡಿ ಚಾನೆಲ್ ಓಡುವ ಮನೆಗೆ 65 ಇಂಚಿಗಿಂತ 43 ಇಂಚು ಹೆಚ್ಚು ಸುಖ ಕೊಡುತ್ತದೆ.

ಎತ್ತರದ ವಿಷಯದಲ್ಲಿ ನಮ್ಮ ಮನೆಗಳ ರೂಢಿ ಬದಲಾಗಬೇಕಿದೆ. ಮಕ್ಕಳ ಕೈಗೆ ಸಿಗಬಾರದು, ಕೆಳಗೆ ಶೋಕೇಸ್ ಇದೆ, ಸ್ವಿಚ್ ಬೋರ್ಡ್ ಮೇಲಿದೆ ಎಂದು ಟಿ.ವಿ.ಯನ್ನು ಬಾಗಿಲ ತಲೆಕಟ್ಟಿನ ಮಟ್ಟಕ್ಕೆ ಏರಿಸುತ್ತೇವೆ. ಸೋಫಾದ ಮೇಲೆ ಕುಳಿತವರ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ ಮೇಲಿರುತ್ತದೆ. ಚಾಪೆ ಹಾಸಿ ಕೂರುವವರದು ಇನ್ನೂ ಕೆಳಗೆ. ಪರದೆಯ ನಡುಭಾಗ ಕಣ್ಣಿನ ಮಟ್ಟಕ್ಕೋ ಸ್ವಲ್ಪ ಮೇಲಕ್ಕೋ ಇದ್ದರೆ ಮೂರು ಗಂಟೆಯ ಸಿನಿಮಾ ಮುಗಿದರೂ ಕತ್ತು ನೋಯುವುದಿಲ್ಲ. ಸಾಮಾನ್ಯ ಎಲ್ಇಡಿ ಪರದೆಗಳಲ್ಲಿ ಇನ್ನೊಂದು ತೊಡಕಿದೆ. ಹಲವನ್ನು ಕೆಳಗಿನಿಂದ ಓರೆಯಾಗಿ ನೋಡಿದರೆ ಬಣ್ಣ ಬಿಳಚಿಕೊಳ್ಳುತ್ತದೆ. ತೀರಾ ಮೇಲೆ ಕಟ್ಟಲೇಬೇಕಾದಲ್ಲಿ ಕೆಳಕ್ಕೆ ಬಾಗಿಸಬಹುದಾದ ಬ್ರಾಕೆಟ್ ಕೇಳಿ ಹಾಕಿಸಬೇಕು.

ಕಿಟಕಿಯ ಎದುರು ಗೋಡೆ ಬೇಡ. ಮಧ್ಯಾಹ್ನದ ಬೆಳಕು ಪರದೆಗೆ ಬಡಿದು ವಾಪಸ್ ಬರುತ್ತದೆ. ಕಿಟಕಿ ಬದಿಯಲ್ಲಿ ಬರುವ ಗೋಡೆಯೇ ಲೇಸು.

ಗೋಡೆಯ ಗುಣ ತಿಳಿದು ಡ್ರಿಲ್

ಕರ್ನಾಟಕದ ಗೋಡೆಗಳೆಲ್ಲ ಒಂದೇ ಬಗೆಯವಲ್ಲ. ಕರಾವಳಿಯಲ್ಲಿ ಕೆಂಪುಕಲ್ಲು, ಮಲೆನಾಡಿನಲ್ಲಿ ಜಂಬಿಟ್ಟಿಗೆ ಅಥವಾ ಹಳೆಯ ಮಣ್ಣಿನ ಗೋಡೆ, ಬಯಲುಸೀಮೆಯಲ್ಲಿ ಸುಟ್ಟ ಇಟ್ಟಿಗೆ, ನಗರಗಳ ಹೊಸ ಮನೆಗಳಲ್ಲಿ ಸಿಮೆಂಟ್ ಬ್ಲಾಕ್. ಪೆಟ್ಟಿಗೆಯ ಜೊತೆ ಬರುವ ಗಿಡ್ಡ ಪ್ಲಾಸ್ಟಿಕ್ ಪ್ಲಗ್ ಗಟ್ಟಿ ಇಟ್ಟಿಗೆಗೆ ಸಾಕು. ರಂಧ್ರಗಳುಳ್ಳ ಕೆಂಪುಕಲ್ಲಿಗೆ, ಒಳಗೆ ಟೊಳ್ಳಿರುವ ಬ್ಲಾಕ್‌ಗೆ ಅದು ಹಿಡಿಯುವುದಿಲ್ಲ. ಅಂಥಲ್ಲಿ ಉದ್ದನೆಯ ಫಾಸ್ಟನರ್ ಬೇಕು, ಅಥವಾ ಗೋಡೆಗೆ ದಪ್ಪ ಹಲಗೆ ಬಿಗಿದು ಅದರ ಮೇಲೆ ಬ್ರಾಕೆಟ್ ಕೂರಿಸಬೇಕು. ಮಣ್ಣಿನ ಗೋಡೆಯಾದರೆ ಮೇಜಿನ ಮೇಲಿಡುವುದೇ ಕ್ಷೇಮ. ಗೋಡೆಯೊಳಗೆ ಕರೆಂಟಿನ ಪೈಪ್ ಎಲ್ಲಿ ಹಾದಿದೆ ಎಂಬುದನ್ನು ಡ್ರಿಲ್ ಶುರುವಾಗುವ ಮೊದಲೇ ಹೇಳಬೇಕು.

ಮೇಜಿನ ಮೇಲಿಡುವವರು ಮೇಜಿನ ಅಗಲ ಅಳೆಯಬೇಕು. ಹಳೆಯ ಟಿ.ವಿ.ಗೆ ನಡುವಿನಲ್ಲಿ ಒಂದೇ ಪೀಠ ಇರುತ್ತಿತ್ತು. ಈಗಿನವುಗಳಿಗೆ ಎರಡು ತುದಿಗಳಲ್ಲಿ ಎರಡು ಕಾಲು. 43 ಇಂಚಿನ ಪರದೆ ಸುಮಾರು 95 ಸೆಂಟಿಮೀಟರ್ ಅಗಲ, 55 ಇಂಚಿನದು 122. ಟ್ಯೂಬ್ ಟಿ.ವಿ.ಗೆಂದು ಮಾಡಿಸಿದ ಶೋಕೇಸ್‌ನ ಗೂಡಿನಲ್ಲಿ ಇವು ಕೂರುವುದಿಲ್ಲ.

ಪೆಟ್ಟಿಗೆಯನ್ನು ಕಂಪನಿಯ ತಂತ್ರಜ್ಞನ ಎದುರಿಗೇ ಬಿಚ್ಚುವುದು ಉತ್ತಮ. ಪರದೆಯಲ್ಲಿ ಬಿರುಕು ಇದ್ದರೆ ಅದು ಸಾಗಾಟದಲ್ಲಿ ಆದದ್ದೋ ಮನೆಯಲ್ಲಿ ಆದದ್ದೋ ಎಂಬ ವಾದ ಆಗ ಹುಟ್ಟುವುದಿಲ್ಲ. ಬಿಚ್ಚುವಾಗ ಮೊಬೈಲ್‌ನಲ್ಲಿ ವಿಡಿಯೊ ತೆಗೆದಿಟ್ಟುಕೊಂಡರೆ ಇನ್ನೂ ಭದ್ರ. ಇಬ್ಬರು ಹಿಡಿದು ನೆಟ್ಟಗೆ ಎತ್ತಬೇಕು. ಗಾಜಿನ ಮೇಲೆ ಬೆರಳು ಒತ್ತಬಾರದು.

ಸಿಡಿಲು ಬರುವ ಎರಡು ದಾರಿ

ಟಿ.ವಿ. ಜೊತೆ ಸ್ಟೆಬಿಲೈಜರ್ ಕೊಳ್ಳಬೇಕೇ ಎಂದು ಅಂಗಡಿಯಲ್ಲಿ ಎಲ್ಲರೂ ಕೇಳುತ್ತಾರೆ. ಟಿ.ವಿ.ಯ ಹಿಂಬದಿಯ ಲೇಬಲ್ ಓದಿದರೆ ಉತ್ತರ ಅಲ್ಲಿಯೇ ಇರುತ್ತದೆ. ಬಹಳಷ್ಟು ಈಗಿನ ಟಿ.ವಿ.ಗಳು 100ರಿಂದ 240 ವೋಲ್ಟ್‌ವರೆಗೆ ತಾವೇ ಸಂಭಾಳಿಸಿಕೊಳ್ಳುತ್ತವೆ. ಹಳ್ಳಿಗಳಲ್ಲಿ ಸಂಜೆ ಹೊತ್ತು ವೋಲ್ಟೇಜ್ ಬಿದ್ದರೂ ಅವುಗಳಿಗೆ ತೊಂದರೆ ಆಗುವುದಿಲ್ಲ. ಅಪಾಯ ಇರುವುದು ಕರೆಂಟು ಹೋಗಿ ಬರುವಾಗಿನ ಹಠಾತ್ ಏರಿಕೆಯಲ್ಲಿ ಮತ್ತು ಸಿಡಿಲಿನಲ್ಲಿ. ಮೊದಲನೆಯದಕ್ಕೆ ಸರ್ಜ್ ಪ್ರೊಟೆಕ್ಟರ್ ಇರುವ ಬೋರ್ಡ್, ಸರಿಯಾದ ಅರ್ಥಿಂಗ್ ಸಾಕಾಗುತ್ತದೆ. ಎರಡನೆಯದಕ್ಕೆ ಯಾವ ಬೋರ್ಡೂ ಖಾತರಿ ಕೊಡುವುದಿಲ್ಲ.

ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಬಂತೆಂದರೆ ಮಲೆನಾಡು, ಕರಾವಳಿಯ ಮನೆಗಳಲ್ಲಿ ಹಿರಿಯರು ಮೊದಲು ಟಿ.ವಿ. ಪ್ಲಗ್ ಕೀಳಿಸುತ್ತಾರೆ. ಒಳ್ಳೆಯ ಅಭ್ಯಾಸ. ಆದರೆ ಅರ್ಧ ಕೆಲಸ. ಸಿಡಿಲಿನ ಹೊಡೆತ ತಾರಸಿಯ ಡಿಶ್‌ನಿಂದ ಇಳಿಯುವ ಕೇಬಲ್ ಮೂಲಕ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ತಂತಿಯಲ್ಲಿ ಟಿ.ವಿ.ಗೆ ಬರಬಲ್ಲದು. ಮಳೆ ನಿಂತ ಮೇಲೆ ಟಿ.ವಿ. ಆನ್ ಆಗುತ್ತದೆ, ಎಚ್‌ಡಿಎಂಐ ಕಿಂಡಿ ಮಾತ್ರ ಸತ್ತಿರುತ್ತದೆ ಎಂಬ ದೂರು ರಿಪೇರಿ ಅಂಗಡಿಗಳಿಗೆ ಹೊಸದಲ್ಲ. ಆದ್ದರಿಂದ ಪ್ಲಗ್ ಜೊತೆ ಡಿಶ್ ಕೇಬಲ್ಲನ್ನೂ ಬಾಕ್ಸ್‌ನಿಂದ ಬಿಚ್ಚಬೇಕು. ಮೋಡ ಗುಡುಗುವುದಕ್ಕೆ ಮೊದಲೇ ಬಿಚ್ಚಬೇಕು, ಗುಡುಗುವಾಗ ತಂತಿ ಮುಟ್ಟಬಾರದು. ಫೈಬರ್ ಇಂಟರ್ನೆಟ್ ಇದ್ದು ರೌಟರ್‌ನಿಂದ ಟಿ.ವಿ.ಗೆ ತಾಮ್ರದ ಲ್ಯಾನ್ ತಂತಿ ಎಳೆದಿದ್ದರೆ ಅದನ್ನೂ ಕೀಳುವುದು ಮೇಲು.

ಆಗ್ನೇಯಕ್ಕೆ ಮುಖ ಮಾಡಿದ ಡಿಶ್

ಚಿತ್ರ ಮನೆಗೆ ಬರುವ ದಾರಿ ಈಗ ನಾಲ್ಕು: ಕೇಬಲ್, ಹಣ ಕಟ್ಟುವ ಡಿಟಿಎಚ್, ಹಣ ಕಟ್ಟದ ಡಿಡಿ ಫ್ರೀ ಡಿಶ್, ಮತ್ತು ಇಂಟರ್ನೆಟ್. ಕೇಬಲ್ ಪೂರ್ತಿ ಡಿಜಿಟಲ್ ಆಗಬೇಕೆಂಬ ಕಾನೂನು ಬಂದದ್ದು 2011ರಲ್ಲಿ. ಬೆಂಗಳೂರು, ಮೈಸೂರು ನಗರಗಳಿಗೆ 2013ರ ಮಾರ್ಚ್ 31 ಕೊನೆಯ ದಿನವಾಗಿತ್ತು. ಸಣ್ಣ ಊರು, ಹಳ್ಳಿಗಳ ಸರದಿ 2017ರ ಮಾರ್ಚ್‌ವರೆಗೂ ಎಳೆಯಿತು. ಅಲ್ಲಿಂದೀಚೆಗೆ ಕೇಬಲ್ ತಂತಿಯನ್ನು ನೇರ ಟಿ.ವಿ.ಗೆ ಚುಚ್ಚಿ ನೋಡುವ ಕಾಲ ಮುಗಿಯಿತು, ಬಾಕ್ಸ್ ಬೇಕೇ ಬೇಕು.

ಡಿಡಿ ಫ್ರೀ ಡಿಶ್ ಬಗ್ಗೆ ನಗರದವರಿಗೆ ಗೊತ್ತಿರುವುದು ಕಡಿಮೆ. 2004ರ ಡಿಸೆಂಬರ್‌ನಲ್ಲಿ 'ಡಿಡಿ ಡೈರೆಕ್ಟ್ ಪ್ಲಸ್' ಹೆಸರಿನಲ್ಲಿ ಶುರುವಾದ ಈ ಸೇವೆಗೆ ಡಿಶ್ ಮತ್ತು ಬಾಕ್ಸ್‌ನ ಬೆಲೆ ಬಿಟ್ಟರೆ ತಿಂಗಳ ಖರ್ಚಿಲ್ಲ. ಚಂದನ ವಾಹಿನಿ ಅದರಲ್ಲಿ ಬರುತ್ತದೆ. ಸಿಗ್ನಲ್ ಬರುವುದು ಇಸ್ರೊದ ಜಿಸ್ಯಾಟ್-15 ಉಪಗ್ರಹದಿಂದ. ಅದು ನಿಂತಿರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಬೆಂಗಳೂರಿನಿಂದ ನೋಡಿದರೆ ಅದು ಆಗ್ನೇಯ ದಿಕ್ಕಿಗೆ, ದಿಗಂತದಿಂದ ಸುಮಾರು 66 ಡಿಗ್ರಿ ಮೇಲೆ, ಅಂದರೆ ನೆತ್ತಿಯ ಕಡೆಗೇ ಇದೆ. ಡಿಶ್ ಅಷ್ಟು ಮೇಲಕ್ಕೆ ಮುಖ ಮಾಡಿದಂತೆ ಕಾಣುವುದಿಲ್ಲ. ಅದರ ಆಕಾರವೇ ಹಾಗೆ: ಮೇಲಿನಿಂದ ಓರೆಯಾಗಿ ಬಿದ್ದ ಸಿಗ್ನಲನ್ನು ಮುಂದೆ ಚಾಚಿಕೊಂಡಿರುವ, ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ತಿರುಗಿಸುವಂತೆ ಅದನ್ನು ಮಾಡಿರುತ್ತಾರೆ.

ಉಪಗ್ರಹ ಇರುವ ದಿಕ್ಕು ತಿಳಿದಿದ್ದರೆ ಅರ್ಧ ತಲೆನೋವು ತಪ್ಪುತ್ತದೆ. ಹತ್ತು ವರ್ಷ ಚೆನ್ನಾಗಿ ಬರುತ್ತಿದ್ದ ಚಿತ್ರ ಈಗ ಆಗಾಗ ನಿಲ್ಲುತ್ತಿದೆ ಎಂದಾದರೆ ಬಾಕ್ಸ್ ಬದಲಾಯಿಸುವ ಮೊದಲು ಡಿಶ್‌ನ ಬೆನ್ನಿಗೆ ನಿಂತು ಆಗ್ನೇಯಕ್ಕೆ ಕಣ್ಣು ಹಾಯಿಸಬೇಕು. ಆಗ ಆಳೆತ್ತರವಿದ್ದ ತೆಂಗಿನ ಸಸಿ, ಅಡಿಕೆ ಗಿಡ ಈಗ ಉಪಗ್ರಹಕ್ಕೆ ಅಡ್ಡ ನಿಂತಿರುತ್ತದೆ. ಗಾಳಿಗೆ ಡಿಶ್‌ನ ಬೋಲ್ಟ್ ಸಡಿಲಾಗಿ ಒಂದೆರಡು ಡಿಗ್ರಿ ತಿರುಗಿದರೂ ಸಾಕು, ಚಿತ್ರ ಮಾಯ. ಬಾಕ್ಸ್‌ನ ಮೆನುವಿನಲ್ಲಿ ಸಿಗ್ನಲ್ ಸ್ಟ್ರೆಂತ್, ಸಿಗ್ನಲ್ ಕ್ವಾಲಿಟಿ ಎಂದು ಎರಡು ಪಟ್ಟಿಗಳಿರುತ್ತವೆ. ನೋಡಬೇಕಾದದ್ದು ಎರಡನೆಯದನ್ನು. ತಾರಸಿಯ ಮೇಲೊಬ್ಬರು ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದಂತೆ ಕೆಳಗೆ ಆ ಪಟ್ಟಿ ಏರುವುದನ್ನು ಇನ್ನೊಬ್ಬರು ಫೋನಿನಲ್ಲಿ ಹೇಳುತ್ತ ಹೋಗಬೇಕು.

ಹಳೆಯ ಆಂಟೆನಾದ ಕಾಲದಲ್ಲಿ ಸಿಗ್ನಲ್ ಕ್ಷೀಣಿಸಿದರೆ ಪರದೆಯಲ್ಲಿ ಚುಕ್ಕೆಗಳು ಸುರಿಯುತ್ತಿದ್ದವು, ಆದರೂ ಆಟಗಾರ ಯಾರು, ಚೆಂಡು ಎತ್ತ ಹೋಯಿತು ಎಂಬುದು ಕಾಣುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಿಲ್ಲ. ಸಿಗ್ನಲ್ ಒಂದು ಮಟ್ಟದ ಮೇಲಿದ್ದರೆ ಚಿತ್ರ ಸ್ವಚ್ಛ, ಸ್ವಲ್ಪ ಕೆಳಗಿಳಿದರೆ ಚೌಕ ಚೌಕವಾಗಿ ಒಡೆಯುತ್ತದೆ, ಇನ್ನೂ ಇಳಿದರೆ 'ನೋ ಸಿಗ್ನಲ್'. ಆಗುಂಬೆಯಂಥ ಕಡೆ ಜಡಿಮಳೆಯಲ್ಲಿ ಡಿಟಿಎಚ್ ಕೈಕೊಡುವುದೂ ಇದರಿಂದಲೇ. ಡಿಟಿಎಚ್ ಬಳಸುವ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು, ಜೋರು ಮಳೆಯ ಹನಿಗಳು ಅವನ್ನು ಹೀರುತ್ತವೆ, ಚದುರಿಸುತ್ತವೆ. ಬಿಸಿಲಿದ್ದಾಗಲೇ ಕ್ವಾಲಿಟಿ ಪಟ್ಟಿಯನ್ನು ಆದಷ್ಟು ಮೇಲೇರಿಸಿ ಇಟ್ಟಿದ್ದರೆ ಮಳೆಗಾಲದಲ್ಲಿ ಕಳೆದುಕೊಳ್ಳಲು ಸ್ವಲ್ಪ ಮಿಗತೆ ಇರುತ್ತದೆ.

ಹಣ ಕಟ್ಟುವ ಸೇವೆಯಾದರೆ ಚಾನೆಲ್ ಆಯ್ಕೆ ಗ್ರಾಹಕರ ಹಕ್ಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್ ತಂದ ಹೊಸ ವ್ಯವಸ್ಥೆ 2019ರ ಫೆಬ್ರುವರಿ 1ರಿಂದ ಜಾರಿಯಲ್ಲಿದೆ. ಒಂದೊಂದು ಚಾನೆಲ್ಲಿನ ಬೆಲೆಯನ್ನೂ ಬಹಿರಂಗಪಡಿಸಬೇಕು, ಬೇಕಾದದ್ದನ್ನು ಮಾತ್ರ ಬಿಡಿಯಾಗಿ ಕೊಳ್ಳಲು ಬಿಡಬೇಕು. ಹೀಗಿದ್ದೂ ಹೊಸ ಸಂಪರ್ಕ ಕೊಡುವವರು ಸಿದ್ಧ ಪ್ಯಾಕ್ ಒಂದನ್ನು ಹಾಕಿ ಹೋಗುತ್ತಾರೆ. ಮನೆಯಲ್ಲಿ ಯಾರೂ ನೋಡದ ಭಾಷೆಯ ಹತ್ತಾರು ಚಾನೆಲ್‌ಗಳಿಗೆ ತಿಂಗಳು ತಿಂಗಳೂ ದುಡ್ಡು ಹೋಗುತ್ತದೆ. ಒಂದು ವಾರ ಮನೆಮಂದಿ ನಿಜವಾಗಿ ನೋಡಿದ ಚಾನೆಲ್‌ಗಳ ಪಟ್ಟಿ ಬರೆದು, ಆ ಪ್ರಕಾರ ಪ್ಯಾಕ್ ಬದಲಾಯಿಸಿಕೊಳ್ಳಬೇಕು.

ಹಳದಿ ತಂತಿಯಲ್ಲಿ ಸಿಕ್ಕಿಕೊಂಡ ಚಿತ್ರ

ಕೆಂಪು, ಬಿಳಿ, ಹಳದಿ ತುದಿಗಳ ಎವಿ ತಂತಿ ಎಲ್ಲರಿಗೂ ಪರಿಚಿತ. ಹಳೆಯ ಟಿ.ವಿ. ತೆಗೆದು ಹೊಸದನ್ನು ಕೂರಿಸುವಾಗ ಎಷ್ಟೋ ಮನೆಗಳಲ್ಲಿ ಅದೇ ತಂತಿಯನ್ನು ಮತ್ತೆ ಚುಚ್ಚುತ್ತಾರೆ. ಆ ಹಳದಿ ತಂತಿಯಲ್ಲಿ ಹರಿಯಬಲ್ಲದ್ದು ಹಳೆಯ ಕಾಲದ ಅನಲಾಗ್ ಚಿತ್ರ ಮಾತ್ರ. ತಿಂಗಳಿಗೆ ಎಚ್‌ಡಿ ಚಾನೆಲ್ಲಿಗೆ ಹಣ ಕೊಟ್ಟು, ಫೋರ್-ಕೆ ಟಿ.ವಿ. ಕೊಂಡು, ನಡುವಿನ ತಂತಿಯಿಂದಾಗಿ ಎಲ್ಲವನ್ನೂ ಮಸುಕಾಗಿ ನೋಡುವಂತಾಗುತ್ತದೆ. ಬಾಕ್ಸ್‌ನಲ್ಲಿ ಎಚ್‌ಡಿಎಂಐ ಕಿಂಡಿ ಇದ್ದರೆ ಅದನ್ನೇ ಬಳಸಬೇಕು. ಆಮೇಲೆ ಬಾಕ್ಸ್‌ನ ಮೆನುವಿನಲ್ಲಿ ವಿಡಿಯೊ ರೆಸಲ್ಯೂಷನ್ 1080ಕ್ಕೆ ಇದೆಯೇ ಎಂದು ಪರೀಕ್ಷಿಸಬೇಕು. ಅದು 576ರಲ್ಲೇ ಉಳಿದಿದ್ದರೆ ಒಳ್ಳೆಯ ತಂತಿಯಿಂದಲೂ ಪ್ರಯೋಜನವಿಲ್ಲ.

ಎಚ್‌ಡಿಎಂಐ ತಂತಿಗೆ ಸಾವಿರಗಟ್ಟಲೆ ಸುರಿಯಬೇಕಾಗಿಲ್ಲ. ಡಿಜಿಟಲ್ ಚಿತ್ರ ತಲುಪಿದರೆ ಪೂರ್ತಿ ತಲುಪುತ್ತದೆ. ಚಿನ್ನದ ಲೇಪದಿಂದ ಬಣ್ಣ ಹೆಚ್ಚುವುದಿಲ್ಲ. ಆರಡಿ ಉದ್ದದ ಸಾಧಾರಣ ಹೈಸ್ಪೀಡ್ ತಂತಿ ಸೆಟ್‌ಟಾಪ್ ಬಾಕ್ಸ್‌ಗೆ ಧಾರಾಳ.

ಬಣ್ಣಕ್ಕೆ ಮನೆಯ ಮಟ್ಟ

ಅಂಗಡಿಯಲ್ಲಿ ಐವತ್ತು ಟಿ.ವಿ.ಗಳು ಟ್ಯೂಬ್‌ಲೈಟ್‌ಗಳ ಪ್ರಖರ ಬೆಳಕಿನಲ್ಲಿ ಪೈಪೋಟಿಗೆ ನಿಂತಿರುತ್ತವೆ. ಅಲ್ಲಿ ಎದ್ದು ಕಾಣಲೆಂದು ಬೆಳಕು, ಬಣ್ಣ, ಹರಿತ ಮೂರನ್ನೂ ತುದಿಗೇರಿಸಿದ 'ವಿವಿಡ್' ಅಥವಾ 'ಡೈನಾಮಿಕ್' ಎಂಬ ಮೋಡ್ ಇದೆ. ಮೊದಲ ಸಲ ಆನ್ ಮಾಡಿದಾಗ 'ಹೋಮ್' ಅಥವಾ 'ಸ್ಟೋರ್' ಎಂದು ಟಿ.ವಿ. ಕೇಳಿದರೆ ತಪ್ಪದೆ ಹೋಮ್ ಒತ್ತಬೇಕು. ನಂತರ ಪಿಕ್ಚರ್ ಮೆನುವಿಗೆ ಹೋಗಿ ಸಿನಿಮಾ, ಮೂವಿ ಅಥವಾ ಫಿಲ್ಮ್‌ಮೇಕರ್ ಮೋಡ್ ಆರಿಸಬೇಕು. ಫಿಲ್ಮ್‌ಮೇಕರ್ ಮೋಡ್ 2019ರಲ್ಲಿ ಟಿ.ವಿ. ಕಂಪನಿಗಳು, ಸ್ಟುಡಿಯೊಗಳು ಸೇರಿದ ಒಕ್ಕೂಟವೊಂದು ರೂಪಿಸಿದ್ದು. ಮಾರ್ಟಿನ್ ಸ್ಕಾರ್ಸೆಸಿ, ಕ್ರಿಸ್ಟೋಫರ್ ನೋಲನ್ ಅವರಂಥ ನಿರ್ದೇಶಕರ ಬೆಂಬಲ ಅದಕ್ಕಿತ್ತು. ನಿರ್ದೇಶಕ ಯಾವ ಬಣ್ಣ ಒಪ್ಪಿದ್ದನೋ ಅದನ್ನೇ ಟಿ.ವಿ. ತೋರಿಸಲಿ ಎಂಬುದು ಅದರ ಉದ್ದೇಶ.

ಬದಲಾಯಿಸಿದ ಮೊದಲ ದಿನ ಚಿತ್ರ ಹಳದಿಯಾಯಿತು, ಮಂಕಾಯಿತು ಎನಿಸುತ್ತದೆ. ನೀಲಿ ಮಿಶ್ರಿತ ಬಿಳಿಗೆ ಒಗ್ಗಿದ ಕಣ್ಣಿಗೆ ಕೆಲವು ದಿನ ಬೇಕು. ಆಮೇಲೆ ಮುಖದ ಬಣ್ಣ ಮುಖದ ಬಣ್ಣವಾಗಿಯೇ, ಗದ್ದೆಯ ಹಸಿರು ಗದ್ದೆಯ ಹಸಿರಾಗಿಯೇ ಕಾಣತೊಡಗುತ್ತದೆ. 'ಕಾಂತಾರ'ದ ಕೋಲದ ರಾತ್ರಿಯ ದೃಶ್ಯಗಳನ್ನು ಎರಡೂ ಮೋಡ್‌ಗಳಲ್ಲಿ ಹಾಕಿ ನೋಡಬೇಕು. ವಿವಿಡ್‌ನಲ್ಲಿ ಬೆಂಕಿಯ ಬೆಳಕು ಕಿತ್ತಳೆ ಬಣ್ಣದ ತೇಪೆಯಾಗಿ ಉಳಿದರೆ, ಸಿನಿಮಾ ಮೋಡ್‌ನಲ್ಲಿ ಜ್ವಾಲೆಯೊಳಗಿನ ಹಳದಿ, ಕೆಂಪು, ಅದರಾಚೆಗಿನ ಕತ್ತಲು ಬೇರೆ ಬೇರೆಯಾಗಿ ತೋರುತ್ತವೆ. ಹಗಲು ಬೆಳಕು ಜಾಸ್ತಿ ಇರುವ ಹಾಲ್‌ನಲ್ಲಿ ಅದೇ ಮೋಡ್ ಇಟ್ಟು ಬ್ಯಾಕ್‌ಲೈಟ್ ಮಾತ್ರ ಏರಿಸಿದರಾಯಿತು.

ಶಾರ್ಪ್‌ನೆಸ್ ತೀರಾ ಕಡಿಮೆ ಇರಲಿ. ಅದು ಹೊಸ ವಿವರ ತರುವುದಿಲ್ಲ, ಅಂಚುಗಳಿಗೆ ಬಿಳಿ ಗೆರೆ ಎಳೆಯುತ್ತದೆ. ಇನ್ನು 'ಮೋಷನ್' ಎಂಬ ಹೆಸರಿನ ಆಯ್ಕೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು. ಅವುಗಳ ನಡುವೆ ಟಿ.ವಿ. ತಾನೇ ಊಹಿಸಿದ ಚಿತ್ರಗಳನ್ನು ತುಂಬಿದಾಗ ಚಲನೆ ಎಣ್ಣೆ ಹಚ್ಚಿದಂತೆ ಜಾರುತ್ತದೆ, ದೊಡ್ಡ ಸಿನಿಮಾವೂ ಸ್ಟುಡಿಯೊದಲ್ಲಿ ತೆಗೆದ ಧಾರಾವಾಹಿಯಂತೆ ತೋರುತ್ತದೆ. 2018ರ ಡಿಸೆಂಬರ್‌ನಲ್ಲಿ ಹಾಲಿವುಡ್ ನಟ ಟಾಮ್ ಕ್ರೂಸ್ ಇದನ್ನು ಆಫ್ ಮಾಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳಲೆಂದೇ ಒಂದು ವಿಡಿಯೊ ಮಾಡಿದ್ದರು. ಕ್ರಿಕೆಟ್‌ಗೆ ಬೇಕಿದ್ದರೆ ಇರಲಿ, ಸಿನಿಮಾಗೆ ಬೇಡ.

ಕೊನೆಯದಾಗಿ ಚಿತ್ರದ ಆಕಾರ. ಇದರಲ್ಲಿ ಆಗುವ ಅನ್ಯಾಯ ಎಲ್ಲಕ್ಕಿಂತ ಹೆಚ್ಚು. ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' 1980ರ ದಶಕದ ಟಿ.ವಿ.ಗಾಗಿ ಮಾಡಿದ್ದು. ಆಗಿನ ಪರದೆಯ ಅಗಲ–ಎತ್ತರದ ಪ್ರಮಾಣ 4:3. ಈಗಿನದು 16:9. 'ಸ್ಟ್ರೆಚ್' ಅಥವಾ 'ಫುಲ್' ಒತ್ತಿ ಪರದೆ ತುಂಬಿಸಿದರೆ ಅದರ ಪುಟ್ಟ ಹುಡುಗ ಸ್ವಾಮಿ ಮೂರನೇ ಒಂದು ಭಾಗ ಅಗಲವಾಗುತ್ತಾನೆ. ರಾಜ್‌ಕುಮಾರ್ ಅವರ 'ಬೇಡರ ಕಣ್ಣಪ್ಪ'ದಂಥ ಕಪ್ಪು–ಬಿಳುಪು ಚಿತ್ರಗಳ ಗತಿಯೂ ಅದೇ. ಎರಡೂ ಬದಿಗೆ ಕಪ್ಪು ಪಟ್ಟಿ ಬಿಟ್ಟು ನೋಡುವುದೇ ಸರಿ. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ, 1977ರ 'ಸೊಸೆ ತಂದ ಸೌಭಾಗ್ಯ'ದಿಂದ ಮೊದಲಾಗಿ ಅಗಲ ಪರದೆಯ ಚಿತ್ರಗಳಿಗೆ ಕಪ್ಪು ಪಟ್ಟಿ ಮೇಲೆ–ಕೆಳಗೆ ಬರುತ್ತದೆ. ಝೂಮ್ ಮಾಡಿ ಅದನ್ನು ಅಳಿಸಿದರೆ ಚೌಕಟ್ಟಿನ ಅಂಚಿನಲ್ಲಿ ನಿಂತ ನಟರು ಕತ್ತರಿಸಿ ಹೋಗುತ್ತಾರೆ. ಕ್ಯಾಮೆರಾದವರು ಅಳೆದು ಕಟ್ಟಿದ ಚೌಕಟ್ಟಿಗೆ ನೋಡುವವರು ಕೊಡಬೇಕಾದ ಗೌರವ ಇದು. ಮೆನುವಿನಲ್ಲಿ 'ಒರಿಜಿನಲ್', 'ಆಟೊ' ಅಥವಾ 'ಜಸ್ಟ್ ಸ್ಕ್ಯಾನ್' ಎಂದಿರುವುದನ್ನು ಆರಿಸಿದರೆ ಸಾಕು.

ಮಾತು ಕೇಳಿಸಬೇಕು

ಟಿ.ವಿ. ತೆಳ್ಳಗಾದಂತೆಲ್ಲ ಅದರ ಸ್ಪೀಕರ್ ಸೊರಗಿದೆ. ಸ್ಪೀಕರ್‌ಗಳ ಮುಖ ಈಗ ನೆಲಕ್ಕೋ ಹಿಂದಿನ ಗೋಡೆಗೋ ಇರುತ್ತದೆ. ಹಿನ್ನೆಲೆ ಸಂಗೀತ ಅಬ್ಬರಿಸುತ್ತದೆ, ಮಾತು ಕೇಳಿಸುವುದಿಲ್ಲ. ಮನೆಯ ಹಿರಿಯರು ವಾಲ್ಯೂಮ್ ಏರಿಸುತ್ತಾರೆ, ಕಿರಿಯರು ಇಳಿಸುತ್ತಾರೆ, ಸಣ್ಣ ಜಗಳ ನಿತ್ಯದ್ದಾಗುತ್ತದೆ. ಸೌಂಡ್ ಮೆನುವಿನಲ್ಲಿ 'ಕ್ಲಿಯರ್ ವಾಯ್ಸ್', 'ಸ್ಪೀಚ್' ಅಥವಾ 'ನ್ಯೂಸ್' ಎಂಬ ಆಯ್ಕೆ ಇದ್ದರೆ ಹಾಕಿ ನೋಡಬೇಕು. ಯಕ್ಷಗಾನ ನೋಡುವ ಮನೆಗಳಲ್ಲಿ ಚಂಡೆಯ ಸದ್ದಿನ ನಡುವೆಯೂ ಅರ್ಥಗಾರಿಕೆ ಕಿವಿಗೆ ಸಿಗಲು ಇದು ನೆರವಾಗುತ್ತದೆ. ಜಾಹೀರಾತು ಬಂದಾಗ ಸದ್ದು ಹಾರುವುದನ್ನು 'ಆಟೊ ವಾಲ್ಯೂಮ್' ತಕ್ಕಮಟ್ಟಿಗೆ ತಡೆಯುತ್ತದೆ. ಸೌಂಡ್‌ಬಾರ್ ಕೊಂಡವರು ಅದನ್ನು 'ಎಆರ್‌ಸಿ' ಎಂದು ಬರೆದಿರುವ ಎಚ್‌ಡಿಎಂಐ ಕಿಂಡಿಗೇ ಜೋಡಿಸಬೇಕು. ಬೇರೆ ಕಿಂಡಿಗೆ ಹಾಕಿದರೆ ಟಿ.ವಿ.ಯ ಸದ್ದು ಅದಕ್ಕೆ ಹೋಗುವುದಿಲ್ಲ.

ನೋಡುವವರನ್ನೇ ನೋಡುವ ಟಿ.ವಿ.

ಸ್ಮಾರ್ಟ್ ಟಿ.ವಿ.ಗೆ ಇಂಟರ್ನೆಟ್ ಜೋಡಿಸಿದ ಕೂಡಲೇ ಅದು ಸಾಲು ಸಾಲು ಒಪ್ಪಿಗೆಗಳನ್ನು ಕೇಳುತ್ತದೆ. ಕೆಲಸ ಬೇಗ ಮುಗಿಯಲೆಂದು ತಂತ್ರಜ್ಞ ಎಲ್ಲದಕ್ಕೂ 'ಅಗ್ರೀ' ಒತ್ತುತ್ತಾನೆ. ಅವುಗಳಲ್ಲಿ ಒಂದು, ಪರದೆಯ ಮೇಲೆ ಏನು ಓಡುತ್ತಿದೆ ಎಂಬುದನ್ನು ಗುರುತಿಸಿ ಕಂಪನಿಗೆ ತಿಳಿಸುವ ಸೌಲಭ್ಯಕ್ಕೆ ಕೊಡುವ ಒಪ್ಪಿಗೆ. ಇಂಟರ್ನೆಟ್ ಆ್ಯಪ್‌ಗಳಷ್ಟೇ ಅಲ್ಲ, ಸೆಟ್‌ಟಾಪ್ ಬಾಕ್ಸ್‌ನಿಂದ ಬರುವುದನ್ನೂ ಇದು ಗುರುತಿಸಬಲ್ಲದು. ಅಮೆರಿಕದಲ್ಲಿ ವಿಜಿಯೊ ಕಂಪನಿ 1.1 ಕೋಟಿ ಟಿ.ವಿ.ಗಳಿಂದ ಹೀಗೆ ಮಾಹಿತಿ ಸಂಗ್ರಹಿಸಿದ ಪ್ರಕರಣದಲ್ಲಿ 2017ರಲ್ಲಿ 22 ಲಕ್ಷ ಡಾಲರ್ ಕೊಟ್ಟು ರಾಜಿಯಾಗಬೇಕಾಯಿತು. ಇದನ್ನು ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ನಿಲ್ಲಿಸಬಹುದು. ನಿಲ್ಲಿಸಿದರೆ ಚಾನೆಲ್, ಆ್ಯಪ್ ಯಾವುದಕ್ಕೂ ಧಕ್ಕೆಯಿಲ್ಲ.

ಇಂಟರ್ನೆಟ್ ವೇಗದ ಬಗ್ಗೆಯೂ ಒಂದು ಮಾತು. ಫೋರ್-ಕೆ ಚಿತ್ರಕ್ಕೆ ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್. ಫುಲ್ ಎಚ್‌ಡಿಗೆ 5 ಸಾಕು. ವೇಗ ಇದ್ದೂ ಚಿತ್ರ ನಿಂತು ನಿಂತು ಬಂದರೆ ಕಾರಣ ಬಹುತೇಕ ಗೋಡೆಗಳೇ. ಜಂಬಿಟ್ಟಿಗೆಯ ದಪ್ಪ ಗೋಡೆ ವೈಫೈಯನ್ನು ನುಂಗುತ್ತದೆ, ರೌಟರ್‌ನಿಂದ ಲ್ಯಾನ್ ತಂತಿ ಎಳೆದರೆ ಸಮಸ್ಯೆ ಮುಗಿಯುತ್ತದೆ. ಫೈಬರ್ ತಲುಪದ ಊರುಗಳಲ್ಲಿ ಮೊಬೈಲ್ ಹಾಟ್‌ಸ್ಪಾಟ್‌ನಿಂದಲೇ ಟಿ.ವಿ. ಓಡಿಸುತ್ತಾರೆ. ಎಚ್‌ಡಿ ಸಿನಿಮಾ ಗಂಟೆಗೆ 3 ಜಿಬಿವರೆಗೆ ಡೇಟಾ ತಿನ್ನಬಲ್ಲದು, ದಿನದ ಎರಡು ಜಿಬಿ ಪ್ಯಾಕ್ ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಖಾಲಿ. ಆ್ಯಪ್‌ನಲ್ಲಿ ಗುಣಮಟ್ಟವನ್ನು 480ಕ್ಕೆ ಇಳಿಸಿಟ್ಟರೆ ಸಿನಿಮಾ ಪೂರ್ತಿ ನೋಡಬಹುದು.

ಅಜ್ಜಿಯ ಕೈಗೆ ರಿಮೋಟ್

ಹಳೆಯ ಟಿ.ವಿ.ಯಲ್ಲಿ ಒಂದು ಗುಂಡಿ ಒತ್ತಿದರೆ ಚಾನೆಲ್ ಬರುತ್ತಿತ್ತು. ಈಗ ಟಿ.ವಿ.ಗೊಂದು ರಿಮೋಟ್, ಬಾಕ್ಸ್‌ಗೊಂದು ರಿಮೋಟ್. ನಡುವೆ ಕೈತಪ್ಪಿ ಆ್ಯಪ್‌ನ ಗುಂಡಿ ಒತ್ತಿದರೆ ಧಾರಾವಾಹಿ ಮಾಯವಾಗಿ ಏನೇನೋ ಚಿತ್ರಗಳ ಸಾಲು ಬರುತ್ತದೆ. ಮಗ ಕೆಲಸದಿಂದ ಬರುವವರೆಗೆ ಟಿ.ವಿ. ಸುಮ್ಮನೆ ಕೂರುತ್ತದೆ. ಹಗಲೆಲ್ಲ ಒಬ್ಬರೇ ಇರುವ ಹಿರಿಯರಿಗೆ ಇದು ಸಣ್ಣ ತೊಂದರೆಯಲ್ಲ.

ಇದಕ್ಕೆ ಮೂರು ದಾರಿಗಳಿವೆ. ಹಲವು ಟಿ.ವಿ.ಗಳಲ್ಲಿ ಆನ್ ಆದ ಕೂಡಲೇ ಹೋಮ್ ಪುಟದ ಬದಲು ಎಚ್‌ಡಿಎಂಐ 1ಕ್ಕೆ, ಅಂದರೆ ಬಾಕ್ಸ್‌ಗೆ ಹೋಗುವಂತೆ ಹೊಂದಿಸಬಹುದು. ಎರಡನೆಯದು ಸಿಇಸಿ ಎಂಬ ಸೌಲಭ್ಯ. ಸ್ಯಾಮ್ಸಂಗ್ ಇದನ್ನು ಎನಿನೆಟ್ ಪ್ಲಸ್ ಎಂದೂ ಎಲ್‌ಜಿ ಸಿಂಪ್‌ಲಿಂಕ್ ಎಂದೂ ಕರೆಯುತ್ತವೆ. ಟಿ.ವಿ. ಮತ್ತು ಬಾಕ್ಸ್ ಎರಡರಲ್ಲೂ ಇದಿದ್ದರೆ ಒಂದೇ ರಿಮೋಟ್‌ನಿಂದ ಕೆಲಸ ಸಾಗುತ್ತದೆ. ಮೂರನೆಯದು, ಬಾಕ್ಸ್‌ನ ಫೇವರಿಟ್ ಪಟ್ಟಿಗೆ ಹಿರಿಯರು ನೋಡುವ ಚಾನೆಲ್‌ಗಳನ್ನಷ್ಟೇ ಸೇರಿಸಿ, ಅವುಗಳ ನಂಬರನ್ನು ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಟಿ.ವಿ. ಪಕ್ಕ ಅಂಟಿಸುವುದು. ಮೆನುವಿನ ಭಾಷಾ ಪಟ್ಟಿಯಲ್ಲಿ ಕನ್ನಡ ಇದ್ದರೆ ಅದನ್ನೇ ಆರಿಸಬೇಕು.

ಹಳೆಯ ಟಿ.ವಿ. ಎಲ್ಲಿಗೆ?

ನಡೆಯುತ್ತಿರುವ ಟ್ಯೂಬ್ ಟಿ.ವಿ.ಗೆ ಎವಿ ಕಿಂಡಿ ಇದ್ದರೆ ಫ್ರೀ ಡಿಶ್ ಬಾಕ್ಸ್ ಜೋಡಿಸಿ ತೋಟದ ಮನೆಯಲ್ಲೋ ಅಂಗಡಿಯಲ್ಲೋ ಇನ್ನಷ್ಟು ಕಾಲ ಬಳಸಬಹುದು. ಕೆಟ್ಟು ನಿಂತದ್ದನ್ನು ಗುಜರಿಗೆ ಹಾಕುವುದು ಮಾತ್ರ ಬೇಡ. ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತದೆ. ತಾಮ್ರದ ಆಸೆಗೆ ಅದನ್ನು ಒಡೆದರೆ ಸೀಸ ಮಣ್ಣಿಗೆ ಸೇರುತ್ತದೆ, ಒಡೆಯುವವರ ಮೈಗೂ ಸೇರುತ್ತದೆ. ಟ್ಯೂಬಿನಲ್ಲಿ ಪ್ಲಗ್ ಕಿತ್ತ ಮೇಲೂ ಹೈವೋಲ್ಟೇಜ್ ಉಳಿದಿರಬಹುದು, ಹಾಗಾಗಿ ಹಿಂಬದಿ ಬಿಚ್ಚುವ ಸಾಹಸವೂ ಬೇಡ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಸಾಮಗ್ರಿಯ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಹೊಸದನ್ನು ಕೊಳ್ಳುವಾಗಲೇ ಹಳೆಯದನ್ನು ಒಯ್ಯುವ ಬಗ್ಗೆ ಕೇಳಬೇಕು, ಇಲ್ಲವೇ ನೋಂದಾಯಿತ ಇ-ತ್ಯಾಜ್ಯ ಮರುಬಳಕೆ ಸಂಸ್ಥೆಗೆ ಕೊಡಬೇಕು.

ಒಟಿಪಿ ಹೇಳುವ ಮುನ್ನ

ಕರ್ನಾಟಕದಲ್ಲಿ ಇಷ್ಟೊಂದು ಟಿ.ವಿ. ಮಾರುವ ಕಂಪನಿಗಳು ಪೆಟ್ಟಿಗೆಯಲ್ಲಿ ನಾಲ್ಕು ಪುಟದ ಕನ್ನಡ ಕೈಪಿಡಿಯೊಂದನ್ನು ಇಡಬಹುದು. ಯಾವ ತಂತಿ ಎಲ್ಲಿಗೆ, ಯಾವ ಮೋಡ್ ಯಾವುದಕ್ಕೆ, ಮಾಹಿತಿ ಸಂಗ್ರಹ ನಿಲ್ಲಿಸುವುದು ಹೇಗೆ ಎಂದು ಚಿತ್ರ ಸಮೇತ ಹೇಳಿದರೆ ಎಂಥವರೂ ಮಾಡಿಕೊಳ್ಳುತ್ತಾರೆ. ಕನ್ನಡದಲ್ಲೇ ಜಾಹೀರಾತು ಕೊಡುವವರಿಗೆ ಇದು ಭಾರವಲ್ಲ. ಗ್ರಾಹಕರು ಪ್ರತಿ ಅಂಗಡಿಯಲ್ಲೂ ಇದನ್ನು ಕೇಳಬೇಕು.

ಅಲ್ಲಿಯವರೆಗೆ ಗ್ರಾಹಕರ ಕೈಯಲ್ಲಿ ಒಂದು ಹಿಡಿತವಿದೆ. ಕೆಲಸ ಮುಗಿಯಿತೆಂದು ದಾಖಲಿಸಲು ತಂತ್ರಜ್ಞ ಮೊಬೈಲ್‌ಗೆ ಬಂದ ಒಟಿಪಿ ಅಥವಾ ಸಹಿ ಕೇಳುತ್ತಾನೆ. ಅದನ್ನು ಕೊಡುವ ಮೊದಲು ಬಾಕ್ಸ್ ಎಚ್‌ಡಿಎಂಐಯಲ್ಲಿದೆಯೇ, ಪಿಕ್ಚರ್ ಮೋಡ್ ಬದಲಾಗಿದೆಯೇ, ವಾರಂಟಿ ನೋಂದಣಿ ಆಗಿದೆಯೇ ಎಂದು ಕೇಳಿ, ಮನೆಯಲ್ಲಿ ಹೆಚ್ಚು ಹೊತ್ತು ಟಿ.ವಿ. ನೋಡುವವರ ಕೈಗೇ ರಿಮೋಟ್ ಕೊಟ್ಟು ಕಲಿಸುವಂತೆ ಹೇಳಬೇಕು. ಅವನಿಗೆ ಇದಕ್ಕೆ ಹತ್ತು ನಿಮಿಷ ಸಾಕು, ಮತ್ತೆ ಮತ್ತೆ ಬರುವ ಫೋನು ಅವನಿಗೂ ತಪ್ಪುತ್ತದೆ. ಬ್ರಾಕೆಟ್ ಅಥವಾ ಅಳವಡಿಕೆಗೆ ಹಣ ಕೊಟ್ಟಿದ್ದರೆ ರಸೀದಿ ಪಡೆಯಬೇಕು. ಬಿಲ್ ಮತ್ತು ಸೀರಿಯಲ್ ನಂಬರಿನ ಫೋಟೊ ಮೊಬೈಲ್‌ನಲ್ಲಿರಲಿ. ವಾರಂಟಿಯ ಮಾತಿಗೆ ಕಂಪನಿ ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.